15 ಸಾವಿರ ಹಿಡ್ಕೊಂಡು ಸ್ಕೋಪಾ ಬೈನಾಕ್ಯುಲರಾ ಅಂತ ಮಂಡೆಬಿಸಿ ಮಾಡ್ಕೊಂಡ ಕಥೆ

ನನ್ನ ಭಾವ ಇರೋದು ಅಮೆರಿಕದ ಕೊಲರಾಡೋದಲ್ಲಿ, ಅಲ್ಲಿ ಅವ್ರು ವರ್ಷಕ್ಕೊಮ್ಮೆ ಲೈಸೆನ್ಸ್ ತಗೊಂಡು ಎಲ್ಕ್ ಬೇಟೆಗೆ ಹೋಗ್ತಾರೆ, ಎಲ್ಕ್ ಅಂದ್ರೆ ನಮ್ಮ ಕಡವೆಗಿಂತ ದೊಡ್ಡ ಒಂದು ಜಾತಿ ಜಿಂಕೆ. ನಾನು ಉಡುಪಿ ಸಂತೆಕಟ್ಟೆಯವ, ಆದಿತ್ಯವಾರ ಬೆಳಿಗ್ಗೆ ಕೆಮ್ಮಣ್ಣು ಹೂಡೆ ದಾಟಿ ಕೋಡಿಬೇಂಗ್ರೆಗೆ ಸ್ಕೂಟರಲ್ಲಿ ಹೋಗಿ ಹೊಯಿಗೆ ಮೇಲೆ ಕೂತು ಹಕ್ಕಿ ನೋಡುವವ. ಅವ್ರದ್ದು ಬೆಟ್ಟ, ನಂದು ಅಳಿವೆಬಾಗಿಲು. ಅವ್ರು ನೋಡಿದ ಮೇಲೆ ಹೊಡೀತಾರೆ, ನಾನು ನೋಡಿ ಪುಸ್ತಕದಲ್ಲಿ ಬರ್ಕೊಂಡು ಮನೆಗೆ ಬಂದು ಬನ್ಸ್ ತಿಂತೇನೆ. ಆದ್ರೆ ಇಬ್ರಿಗೂ ಒಂದು ಪ್ರಶ್ನೆ ಮಾತ್ರ ಸಮ ಬಂತು, ಕೈಯಲ್ಲಿ ಇರುವ ದುಡ್ಡು ಸ್ವಲ್ಪ, ಅದ್ರಲ್ಲಿ ಸ್ಪಾಟಿಂಗ್ ಸ್ಕೋಪ್ ತಗೊಳ್ಳುದಾ ಬೈನಾಕ್ಯುಲರ್ ತಗೊಳ್ಳುದಾ ಅಂತ. ಸ್ಪಾಟಿಂಗ್ ಸ್ಕೋಪ್ ಅಂದ್ರೆ ಸ್ಟ್ಯಾಂಡಿನ ಮೇಲೆ ಕೂರಿಸಿ ಒಂದೇ ಕಣ್ಣಲ್ಲಿ ನೋಡುವ ಒಂಟಿ ನಳಿಗೆಯ ದುರ್ಬೀನು. ಅವ್ರು ಸುರುವಿಗೇ ಸರಿ ಮಾಡಿದ್ರು, ನಾನು ಮೊದ್ಲು ತಪ್ಪು ಮಾಡಿ ಆಮೇಲೆ ದುಡ್ಡು ಕಟ್ಟಿ ಕಲ್ತೆ.

ಬೇಟೆ ಅಂದ ಕೂಡ್ಲೆ ನಮ್ಮ ಕಡೆಯವ್ರಿಗೆ ಅಜ್ಜನ ಕೋವಿ ನೆನಪಾಗ್ತದೆ. ನನ್ನ ಅಜ್ಜನ ಹತ್ರ ಒಂದು ಇತ್ತು, ಬೆಳೆ ರಕ್ಷಣೆ ಲೈಸೆನ್ಸಿಂದು, ಅದು ಹೊಡೆದದ್ದಕ್ಕಿಂತ ಎಲೆಕ್ಷನ್ ಬಂದಾಗೆಲ್ಲ ಠಾಣೆಗೆ ಡೆಪಾಸಿಟ್ ಮಾಡ್ಲಿಕ್ಕೆ ಹೋಗಿ ಬಂದದ್ದೇ ಜಾಸ್ತಿ. ಅಜ್ಜನ ಅಣ್ಣಂದಿರ ಕಾಲದ ಶಿಕಾರಿ ಕಥೆಗಳು ಬೇರೆ ಇದ್ದಾವೆ, ಅದೆಲ್ಲ 1972ರ ವನ್ಯಜೀವಿ ಕಾಯ್ದೆ ಬರುವ ಮೊದ್ಲಿಂದು, ಈಗ ಇಲ್ಲಿ ಶಿಕಾರಿ ಅಂದ್ರೆ ಜೈಲು. ಹಾಗಾಗಿ ಇಲ್ಲಿ ಬೇಟೆಯ ವಿಷಯ ಬಂದಲ್ಲೆಲ್ಲ ಅದು ಭಾವನ ಊರಿನ ಬೇಟೆ ಅಂತ ತಿಳ್ಕೊಳ್ಳಿ, ನಮ್ದು ನೋಡುದು ಮಾತ್ರ.

ನಂಗೆ ಈ ಹುಚ್ಚು ಹಿಡಿದದ್ದು ಒಂದು ನವೆಂಬರಲ್ಲಿ. ಕೋಡಿಬೇಂಗ್ರೆಯಲ್ಲಿ ಸೀತಾ ನದಿ ಸ್ವರ್ಣಾ ನದಿ ಎರಡೂ ಸೇರಿ ಸಮುದ್ರಕ್ಕೆ ಬೀಳ್ತದಲ್ಲ, ಆ ಬಾಯಿಯಲ್ಲಿ ಇಳಿತದ ಹೊತ್ತಿಗೆ ಒಂದು ಹೊಯಿಗೆ ದಿಬ್ಬ ಏಳ್ತದೆ. ಬಂಧುಗಳನ್ನು ಬೀಚ್ ತೋರಿಸ್ಲಿಕ್ಕೆ ಕರ್ಕೊಂಡು ಹೋಗಿದ್ದೆ, ದಿಬ್ಬದ ಮೇಲೆ ಯಾರೋ ಬೂದಿ ಬಣ್ಣದ ಕಲ್ಲು ಚೆಲ್ಲಿದ ಹಾಗೆ ಕಾಣ್ತಿತ್ತು, ನೋಡ್ತಾ ನೋಡ್ತಾ ಕಲ್ಲೆಲ್ಲ ಒಟ್ಟಿಗೆ ಎದ್ದು ಹಾರಿ ಒಂದು ಸುತ್ತು ತಿರುಗಿ ಬೆಳ್ಳಗೆ ಮಿಂಚಿ ಪುನಃ ಅಲ್ಲೇ ಕೂತ್ಕೊಂಡ್ವು. ಸಾವಿರ ಇರ್ಬಹುದು. ನಮ್ಮ ಮನೆಯಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದಲ್ಲಿ ಇದು ಪ್ರತಿ ಚಳಿಗಾಲ ನಡೀತಾ ಉಂಟು ಅಂತ ನಂಗೆ 46 ವರ್ಷ ಆದ್ರೂ ಗೊತ್ತಿರ್ಲಿಲ್ಲ! ಆಮೇಲೆ ಗೊತ್ತಾಯ್ತು ಅದ್ರಲ್ಲಿ ಜಾಸ್ತಿ ಇದ್ದದ್ದು ಸ್ಯಾಂಡ್ ಪ್ಲೋವರ್ ಅಂತ, ಟಿಬೆಟ್ ಸೈಬೀರಿಯಾ ಕಡೆಯಿಂದ ಬರುವ ಮುಷ್ಟಿಯಷ್ಟು ದೊಡ್ಡ ಹಕ್ಕಿ, ಅದ್ರಲ್ಲೂ ಸಣ್ಣದು ದೊಡ್ಡದು ಅಂತ ಜಾತಿ ಉಂಟು, ಬೇರೆ ಮಾಡ್ಲಿಕ್ಕೆ ಕೊಕ್ಕಿನ ಉದ್ದ ಕಾಲಿನ ಉದ್ದ ನೋಡ್ಬೇಕು. ಅರ್ಧ ಕಿಲೋಮೀಟರ್ ದೂರದಿಂದ ಮುಷ್ಟಿಯಷ್ಟು ದೊಡ್ಡ ಹಕ್ಕಿಯ ಕೊಕ್ಕಿನ ಉದ್ದ. ಹೇಗೆ?

ಮನೆಯಲ್ಲಿ ಮಂಜೂರಾದದ್ದು 15 ಸಾವಿರ. ಬೋನಸಿಂದು. ಅದಕ್ಕಿಂತ ಒಂದು ಪೈಸೆ ಜಾಸ್ತಿ ಇಲ್ಲ, ವಾಷಿಂಗ್ ಮೆಷಿನ್ ಆಗ್ಲೇ ಕುಣೀತಾ ಉಂಟು ಅಂತ ಹೆಂಡತಿ ಸ್ಪಷ್ಟ ಹೇಳಿದ್ಲು.

ಈಗ ನನ್ನ ಲೆಕ್ಕಾಚಾರ ನೋಡಿ. ಬೈನಾಕ್ಯುಲರಿನ ಮೇಲೆ 8×42 ಅಂತ ಬರ್ದಿರ್ತದೆ, ಅಂದ್ರೆ 8 ಪಟ್ಟು ಹತ್ರ, ಮುಂದಿನ ಗ್ಲಾಸು 42 ಮಿಲಿಮೀಟರ್. ಸ್ಕೋಪಿನ ಮೇಲೆ 20-60×60 ಅಂತ, ಅಂದ್ರೆ 20ರಿಂದ 60 ಪಟ್ಟಿನವರೆಗೆ ಜೂಮ್. 500 ಮೀಟರ್ ದೂರದ ದಿಬ್ಬ 8 ಪಟ್ಟಿನಲ್ಲಿ ನೋಡಿದ್ರೆ ಸುಮಾರು 62 ಮೀಟರಲ್ಲಿ ನಿಂತ ಹಾಗೆ, 60 ಪಟ್ಟಿನಲ್ಲಿ ನೋಡಿದ್ರೆ 8 ಮೀಟರಲ್ಲಿ ನಿಂತ ಹಾಗೆ. ಎರಡಕ್ಕೂ ಕ್ರಯ ಹೆಚ್ಚುಕಮ್ಮಿ ಒಂದೇ! ಹಾಗಿರುವಾಗ 8 ಯಾವ ಮರ್ಲ ತಗೊಳ್ತಾನೆ? ಮೀನು ಮಾರ್ಕೆಟಿಗೆ ಹೋದವ ಒಂದೇ ದುಡ್ಡಿಗೆ ಎಂಟು ಬಂಗುಡೆ ತಗೊಳ್ತಾನಾ ಅರುವತ್ತು ತಗೊಳ್ತಾನಾ, ಆ ಲೆವೆಲ್ಲಿನ ಯೋಚ್ನೆ ನಂದು. ಅಷ್ಟರಲ್ಲಿ ಫೋನಲ್ಲಿ ಬೇರೆ ಜಾಹೀರಾತು ಬರ್ಲಿಕ್ಕೆ ಸುರು ಆಗಿತ್ತು, ಅಂಗೈಯಷ್ಟು ದೊಡ್ಡ ನಳಿಗೆ ಇಟ್ಕೊಂಡು ಚಂದ್ರನ ಗುಂಡಿ ತೋರಿಸ್ತಾರೆ ಸಾವಿರದ ಚಿಲ್ಲರೆಗೆ. ಆಫೀಸಲ್ಲಿ ಒಬ್ರು ತಗೊಂಡಿದ್ರು ಅದನ್ನು, ನೋಡಿದೆ, ಮಳೆಗಾಲದ ಬಸ್ಸಿನ ಕಿಟಕಿಯಿಂದ ಹೊರಗೆ ನೋಡಿದ ಹಾಗೆ ಇತ್ತು, ಅಷ್ಟು ಬುದ್ಧಿ ನಂಗೆ ಇತ್ತು, ಅದನ್ನು ತಗೊಳ್ಲಿಲ್ಲ.

ತಗೊಂಡದ್ದು ಸ್ಕೋಪು. ಆನ್‌ಲೈನಲ್ಲಿ, ಹೆಸರು ಕೇಳದ ಕಂಪನಿದು, 8,500 ರೂಪಾಯಿ. ಅದ್ರೊಟ್ಟಿಗೆ ಒಂದು ಗೇಣುದ್ದದ ಟ್ರೈಪಾಡ್ ಫ್ರೀ ಕೊಟ್ಟಿದ್ರು, ಅದು ಊಟದ ಮೇಜಿನ ಮೇಲೆ ಇಡ್ಲಿಕ್ಕೆ ಆಗ್ತದೆ ವಿನಾ ಹೊಯಿಗೆಯಲ್ಲಿ ಇಟ್ರೆ ಹೊಟ್ಟೆ ಅಡಿ ಮಾಡಿ ಮಲಗಿ ನೋಡ್ಬೇಕು, ಹಾಗಾಗಿ 2,600 ಕೊಟ್ಟು ಬೇರೆ ಟ್ರೈಪಾಡ್. ಇದು ಮೊದ್ಲೇ ಲೆಕ್ಕಕ್ಕೆ ಹಿಡೀಬೇಕಾದ ಖರ್ಚು, ಯಾರೂ ಹೇಳುದಿಲ್ಲ. ಸ್ಕೋಪ್ ಅಂದ್ರೆ ಸ್ಕೋಪ್ ಮಾತ್ರ ಅಲ್ಲ, ಸ್ಟ್ಯಾಂಡ್ ಇಲ್ದಿದ್ರೆ ಅದು ಬರೀ ನಳಿಗೆ. ಅಲ್ಲಿಗೆ 11,100 ಖಾಲಿ.

ಮೊದ್ಲ ರಾತ್ರಿ ತಾರ್ಸಿ ಮೇಲೆ ಇಟ್ಟು ಚಂದ್ರನನ್ನು ನೋಡಿದ್ವು. ಭಾರೀ ಖುಷಿ. ಮಗಳು ಕುಣಿದ್ಲು, ಪಕ್ಕದ ಮನೆಯವ್ರು ಬಂದು ನೋಡಿದ್ರು, ಹೆಂಡತಿ ಕೂಡ ಪರ್ವಾಗಿಲ್ಲ ಅಂದ್ಲು. ಚಂದ್ರ ಅಲ್ಲಾಡುದಿಲ್ಲ, ದೊಡ್ಡದಾಗಿ ಉಂಟು, ಬೆಳಕೂ ಅವನದ್ದೇ, ಹಾಗಾಗಿ ಎಂತಾ ಕೆಟ್ಟ ಸ್ಕೋಪಲ್ಲೂ ಚಂದ ಕಾಣ್ತಾನೆ ಅಂತ ಆಮೇಲೆ ಗೊತ್ತಾದದ್ದು.

ಆದಿತ್ಯವಾರ ಕೋಡಿಬೇಂಗ್ರೆ. ಮನೆಯಿಂದ ಹೊರಡುವಾಗಲೇ ಎಂಟೂವರೆ, ನೀರ್ದೋಸೆ ತಿಂದು ಆರಾಮಲ್ಲಿ ಹೋದ್ದು, ಸ್ಕೋಪು ಬ್ಯಾಗಲ್ಲಿ, ಟ್ರೈಪಾಡ್ ಸ್ಕೂಟರಿನ ಕಾಲಡಿ. ಟ್ರೈಪಾಡ್ ಬಿಡಿಸಿ ನಿಲ್ಲಿಸಿದ ಕೂಡ್ಲೆ ಬಲೆ ಬಿಡಿಸ್ತಿದ್ದ ಒಬ್ರು ಅಜ್ಜ ಬಂದು “ಉಂದು ದಾದ ಮಾರ್ರೆ, ಸರ್ವೇನಾ?” ಅಂತ ತುಳುವಲ್ಲಿ ಕೇಳಿದ್ರು, ಇದೆಂತ ಮಾರಾಯ್ರೆ, ಸರ್ವೆಯಾ ಅಂತ. ರೋಡ್ ಅಗಲ ಮಾಡ್ಲಿಕ್ಕೆ ಜಾಗ ಅಳೀತಾ ಇದ್ದೇನೆ ಅಂತ ಅವ್ರಿಗೆ. ಅಲ್ಲ, ಪಕ್ಕಿ ನೋಡ್ಲಿಕ್ಕೆ ಅಂದೆ. ಅವ್ರು ನನ್ನ ಮೋರೆ ನೋಡಿ ಹೋದ್ರು, ನಂಬ್ಲಿಲ್ಲ ಅಂತ ಅನ್ಸ್ತದೆ.

ಸರಿ, ಕಣ್ಣಿಟ್ಟೆ. ನೀಲಿ. ಬರೀ ನೀಲಿ. ಸ್ವಲ್ಪ ಕೆಳಗೆ ಮಾಡಿದೆ, ಬೂದಿ. ಹಕ್ಕಿ ಎಲ್ಲುಂಟು? ಬರಿಕಣ್ಣಿಗೆ ದಿಬ್ಬದ ಮೇಲೆ ಕಾಣ್ತಾ ಉಂಟು, ಸ್ಕೋಪಲ್ಲಿ ಸಿಗ್ತಾ ಇಲ್ಲ. ಯಾಕಂದ್ರೆ ಪಟ್ಟು ಜಾಸ್ತಿ ಆದ ಹಾಗೆ ಕಾಣುವ ಜಾಗ ಸಣ್ಣ ಆಗ್ತದೆ, ಆ ಸ್ಕೋಪಿನ ಮೇಲೆಯೇ ಬರ್ದಿತ್ತು 20 ಪಟ್ಟಿನಲ್ಲಿ ಸಾವಿರ ಮೀಟರ್ ದೂರಕ್ಕೆ 38 ಮೀಟರ್ ಅಗಲ, 60 ಪಟ್ಟಿನಲ್ಲಿ 18 ಮೀಟರ್. ಸಾಧಾರಣ 8×42 ಬೈನಾಕ್ಯುಲರಲ್ಲಿ ಅದೇ ದೂರಕ್ಕೆ 130, 140 ಮೀಟರ್ ಅಗಲ ಕಾಣ್ತದೆ. ನಾನು ನೋಡ್ತಾ ಇದ್ದದ್ದು ಬೊಂಡದ ಸ್ಟ್ರಾ ಒಳಗಿಂದ ಇಡೀ ಅಳಿವೆಬಾಗಿಲನ್ನು. ಹುಡುಕಿ ಹುಡುಕಿ ಹಕ್ಕಿ ಸಿಕ್ಕಿತು, ಫೋಕಸ್ ತಿರುಗಿಸ್ಲಿಕ್ಕೆ ಬೆರಳು ಮುಟ್ಟಿದ ಕೂಡ್ಲೆ ಇಡೀ ಚಿತ್ರ ನಡುಗಿ ಹಕ್ಕಿ ಪುನಃ ಹೋಯ್ತು. ಅದನ್ನು ಸರಿ ಮಾಡುವಷ್ಟರಲ್ಲಿ ಗುಂಪು ಹಾರಿ ಬೇರೆ ಕಡೆ ಕೂತಿತು. ಇನ್ನೊಂದು ಪಿರಿಪಿರಿ ಕನ್ನಡಕ. ಐಪೀಸಿಗೂ, ಅಂದ್ರೆ ಕಣ್ಣಿಡುವ ಬದಿಯ ಗ್ಲಾಸಿಗೂ, ಕಣ್ಣಿಗೂ ನಡುವೆ ಇಷ್ಟೇ ದೂರ ಇರ್ಬೇಕು ಅಂತ ಒಂದು ಉಂಟು, ಐ ರಿಲೀಫ್ ಹೇಳ್ತಾರೆ, ಕನ್ನಡಕದವ್ರಿಗೆ ಅದು 15 ಮಿಲಿಮೀಟರಿಗಿಂತ ಜಾಸ್ತಿ ಬೇಕು, ಇದ್ರಲ್ಲಿ ಅಷ್ಟು ಇರ್ಲಿಲ್ಲ, ಕನ್ನಡಕ ಹಾಕಿದ್ರೆ ನಡುವಿನ ಒಂದು ಸಣ್ಣ ಉರುಟು ಮಾತ್ರ ಕಾಣುದು, ತೆಗೆದ್ರೆ ಸ್ಕೋಪಲ್ಲಿ ಸರಿ ಕಾಣ್ತದೆ ಆದ್ರೆ ತಲೆ ಎತ್ತಿ ಹಕ್ಕಿ ಎಲ್ಲಿಗೆ ಹೋಯ್ತು ನೋಡಿದ್ರೆ ಸಮುದ್ರವೇ ಮಸುಕು. ಕನ್ನಡಕ ಹಾಕು, ತೆಗಿ, ಹಾಕು, ತೆಗಿ.

ಹತ್ತೂವರೆ ಹನ್ನೊಂದು ಆಯ್ತು, ಅಂತೂ ಒಂದು ಹಕ್ಕಿ ಸಮಾ ಸಿಕ್ಕಿತು ಅಂತ 60ಕ್ಕೆ ಜೂಮ್ ಮಾಡಿದೆ. ಹಕ್ಕಿ ನೀರೊಳಗೆ ಇದ್ದ ಹಾಗೆ ಕುಣೀತಾ ಉಂಟು! ಸ್ಕೋಪ್ ಹಾಳಾಗಿದೆ ಅಂತಲೇ ಅನ್ಸಿದ್ದು. ಹಾಳಾದದ್ದು ಗಾಳಿ. ಬಿಸಿಲಿಗೆ ಹೊಯಿಗೆ ಕಾದು ಅದ್ರ ಮೇಲಿನ ಗಾಳಿ ಪದರ ಪದರವಾಗಿ ಬಿಸಿ ತಣ್ಪು ಆಗಿ ಬೆಳಕನ್ನು ಬಗ್ಗಿಸ್ತದೆ, ಮೇ ತಿಂಗಳಲ್ಲಿ ಹೈವೇ ಮೇಲೆ ಕಾಣುವ ಅದೇ ಕುಣಿತ. ಸ್ಕೋಪು ಹಕ್ಕಿಯನ್ನು 60 ಪಟ್ಟು ಮಾಡಿದ್ರೆ ಆ ಕುಣಿತವನ್ನೂ 60 ಪಟ್ಟು ಮಾಡ್ತದೆ. ಇದಕ್ಕೆ ಲಕ್ಷ ರೂಪಾಯಿಯ ಸ್ಕೋಪಲ್ಲೂ ಮದ್ದಿಲ್ಲ, ಬೆಳಿಗ್ಗೆ ಬೇಗ ಹೋಗ್ಬೇಕು ಅಷ್ಟೇ. ಅದ್ರ ಮೇಲೆ ಕಡಲ ಗಾಳಿ ಸುರುವಾಯ್ತು, 2,600ರ ಟ್ರೈಪಾಡ್ ಕಂಗಿನ ಸಸಿ ಹಾಗೆ ಅಲ್ಲಾಡ್ಲಿಕ್ಕೆ ಸುರು. ಚಿತ್ರ ಕತ್ತಲೆ ಬೇರೆ. ಅದಕ್ಕೂ ಲೆಕ್ಕ ಉಂಟು ಅಂತ ಆಮೇಲೆ ಕಲ್ತೆ, ಮುಂದಿನ ಗ್ಲಾಸಿನ ಅಳತೆಯನ್ನು ಪಟ್ಟಿನಿಂದ ಭಾಗಿಸಿದ್ರೆ ಕಣ್ಣಿಗೆ ಬರುವ ಬೆಳಕಿನ ಬೊಟ್ಟು ಎಷ್ಟು ದೊಡ್ಡದು ಅಂತ ಸಿಗ್ತದೆ, 60ನ್ನು 60ರಿಂದ ಭಾಗಿಸಿದ್ರೆ ಒಂದೇ ಒಂದು ಮಿಲಿಮೀಟರ್, 42ನ್ನು 8ರಿಂದ ಭಾಗಿಸಿದ್ರೆ ಐದೂಕಾಲು. ಗುಂಡುಸೂಜಿಯ ತಲೆಯಷ್ಟು ದೊಡ್ಡ ತೂತಿನಿಂದ ನೋಡಿದ್ರೆ ಕತ್ತಲೆ ಆಗದೆ ಇನ್ನೆಂತ.

ಮನೆಗೆ ಬಂದೆ. ಎಷ್ಟು ಹಕ್ಕಿ ಸಿಕ್ಕಿತು ಕೇಳಿದ್ರು. ಸಿಗ್ಲಿಲ್ಲ ಅಂತ ಹೇಳ್ಲಿಕ್ಕೆ ನಾಚಿಕೆ ಆಗಿ ಗಾಳಿ ಜೋರಿತ್ತು ಅಂದೆ.

ಮೂರು ಆದಿತ್ಯವಾರ ಇದೇ ಕಥೆ ಆದ ಮೇಲೆ ಭಾವನ ವೀಡಿಯೋ ಕಾಲ್ ಬಂತು, ಅಕ್ಕ ಮಾತಾಡಿ ಆದ ಮೇಲೆ ಫೋನ್ ತಗೊಂಡು ಸ್ಕೋಪ್ ತೋರಿಸಿದೆ. ಭಾವ ಮೊದ್ಲು ನಗಾಡಿದ್ರು. ಆಮೇಲೆ ಒಂದು ಗಂಟೆ ಕ್ಲಾಸ್ ತಗೊಂಡ್ರು, ಅಲ್ಲಿ ರಾತ್ರಿ ಹನ್ನೊಂದು ಆಗಿತ್ತು ಆದ್ರೂ.

ಅವ್ರು ಹೇಳಿದ್ದರ ತಿರುಳು ಇಷ್ಟು. ಅಲ್ಲಿ ಬೇಟೆ ಅಂದ್ರೆ ನೂರರಲ್ಲಿ ತೊಂಬತ್ತು ಪಾಲು ಕೂತು ನೋಡುದೇ ಕೆಲಸ. ಬೆಳಕು ಹರಿಯುವ ಮೊದ್ಲು ಒಂದು ಗುಡ್ಡದ ನೆತ್ತಿಗೆ ಹೋಗಿ ಎದುರಿನ ಗುಡ್ಡವನ್ನು ಬೈನಾಕ್ಯುಲರಲ್ಲಿ ಗದ್ದೆ ಉತ್ತ ಹಾಗೆ ಎಡದಿಂದ ಬಲಕ್ಕೆ, ಸ್ವಲ್ಪ ಕೆಳಗೆ ಇಳಿದು ಬಲದಿಂದ ಎಡಕ್ಕೆ, ಸಾಲು ಸಾಲಾಗಿ ನೋಡ್ತಾ ಹೋಗುದು. ಇಡೀ ಪ್ರಾಣಿ ಕಾಣ್ತದೆ ಅಂತ ಹುಡುಕುದಲ್ಲ, ಮರದ ನಡುವೆ ಒಂದು ಅಡ್ಡ ಗೆರೆ, ಒಂದು ಕಿವಿ ಅಲ್ಲಾಡಿದ್ದು, ಅಂತದ್ದು. ಅದಕ್ಕೆ ಎರಡೂ ಕಣ್ಣು ಬೇಕು, ಅಗಲ ಬೇಕು, ಗಂಟೆಗಟ್ಲೆ ನೋಡಿದ್ರೂ ಮಂಡೆ ನೋಯ್ಬಾರ್ದು, ಒಂದು ಕಣ್ಣು ಮುಚ್ಚಿ ಸ್ಕೋಪಲ್ಲಿ ಅಷ್ಟು ಹೊತ್ತು ನೋಡಿದ್ರೆ ತಲೆನೋವು ಗ್ಯಾರಂಟಿ. ಮತ್ತೆ ಸ್ಕೋಪ್ ಯಾಕೆ? ಎಣಿಸ್ಲಿಕ್ಕೆ. ಕೊಲರಾಡೋದ ತುಂಬ ಕಡೆ ಗಂಡು ಎಲ್ಕ್ ಹೊಡೀಬೇಕಾದ್ರೆ ಅದ್ರ ಒಂದು ಕೊಂಬಿನಲ್ಲಾದ್ರೂ ನಾಲ್ಕು ಕವಲು ಇರ್ಬೇಕು, ಇಲ್ಲಾಂದ್ರೆ ಹಣೆ ಹತ್ರದ ಕವಲು ಐದು ಇಂಚಾದ್ರೂ ಇರ್ಬೇಕು, ತಪ್ಪಿ ಸಣ್ಣದನ್ನು ಹೊಡೆದ್ರೆ ಕೇಸು. ಒಂದು ಮೈಲು ಆಚೆ ನಿಂತ ಎಲ್ಕಿನ ಕವಲು ಎಣಿಸ್ಲಿಕ್ಕೆ ಸ್ಕೋಪ್ ಬೇಕು, ಇಲ್ದಿದ್ರೆ ಅರ್ಧ ದಿನ ಕಣಿವೆ ಇಳಿದು ಹತ್ತಿ ಹೋಗಿ ನೋಡಿದ್ರೆ ಮೂರೇ ಕವಲು ಇರ್ತದೆ.

“ಹುಡುಕುದು ಬೈನಾಕ್ಯುಲರಿನ ಕೆಲಸ, ಎಣಿಸುದು ಸ್ಕೋಪಿನ ಕೆಲಸ, ನೀನು ಹುಡುಕ್ಲಿಕ್ಕೇ ಆಗದೆ ಎಣಿಸ್ಲಿಕ್ಕೆ ಕೂತಿದ್ದಿ” ಅಂದ್ರು ಭಾವ.

ನಾನು ಕೇಳಿದೆ, ಹೇಗೂ ಕೋವಿ ಮೇಲೆ ಒಂದು ಸ್ಕೋಪ್ ಇರ್ತದಲ್ಲ, ಅದ್ರಲ್ಲೇ ನೋಡ್ಬಹುದಲ್ಲ, ಬೈನಾಕ್ಯುಲರಿನ ದುಡ್ಡು ಉಳೀತದಲ್ಲ ಅಂತ. ಅದಕ್ಕೆ ಅವ್ರಿಗೆ ನಿಜವಾಗ್ಲೂ ಸಿಟ್ಟು ಬಂತು. ರೈಫಲ್ ಸ್ಕೋಪಲ್ಲಿ ಹುಡುಕುದು ಅಂದ್ರೆ ಕಂಡಕಂಡದ್ದಕ್ಕೆಲ್ಲ ತುಂಬಿದ ಕೋವಿಯ ಬಾಯಿ ಹಿಡಿಯುದು, ಪೊದೆ ಹಿಂದೆ ಅಲ್ಲಾಡಿದ್ದು ಮನುಷ್ಯ ಆಗಿದ್ರೆ? ಅಲ್ಲಿ ರೈಫಲ್ ಸೀಸನಲ್ಲಿ ಬೇಟೆಗಾರರು ಕಣ್ಣಿಗೆ ಹೊಡಿಯುವ ಕಿತ್ತಳೆ ಇಲ್ಲವೇ ಪಿಂಕ್ ಬಣ್ಣದ ಜಾಕೆಟ್ ಟೊಪ್ಪಿ ಹಾಕ್ಲೇಬೇಕು ಅಂತ ಕಾನೂನು, ಕನಿಷ್ಠ 500 ಚದರ ಇಂಚು. ಬಜೆಟ್ ಇಲ್ಲಾಂತ ಬೈನಾಕ್ಯುಲರ್ ಬಿಟ್ಟು ರೈಫಲ್ ಸ್ಕೋಪಲ್ಲಿ ನೋಡುವವನ ಒಟ್ಟಿಗೆ ಅವ್ರು ಗುಡ್ಡಕ್ಕೆ ಹೋಗುದಿಲ್ಲ ಅಂತೆ.

ಆದ್ರೂ ನಾನು ಪೂರ್ತಿ ಒಪ್ಲಿಲ್ಲ, 11,100 ಖರ್ಚು ಮಾಡಿದವ ಅಷ್ಟು ಸುಲಭದಲ್ಲಿ ಒಪ್ಪುದಿಲ್ಲ. ಒಪ್ಪಿದ್ದು ತಣ್ಣೀರುಬಾವಿ ಬೀಚಲ್ಲಿ. ಮಂಗಳೂರಿನ ಒಬ್ರು ಮೇಷ್ಟ್ರ ಪರಿಚಯ ಆಗಿತ್ತು, ಇಪ್ಪತ್ತು ವರ್ಷದಿಂದ ಹಕ್ಕಿ ನೋಡುವವ್ರು, ಬೆಳಿಗ್ಗೆ ಆರೂವರೆಗೆ ಸುಲ್ತಾನ್ ಬತ್ತೇರಿ ಹತ್ರ ಬನ್ನಿ ಅಂದ್ರು. ಮೊದ್ಲ ಬಸ್ಸಿಗೆ ಹೋಗಿ ಅಲ್ಲಿಂದ ದೋಣಿಯಲ್ಲಿ ಫಲ್ಗುಣಿ ನದಿ ದಾಟಿ ಆಚೆ ಹೋದದ್ದು. ನಂದು ಸ್ಕೋಪು ಟ್ರೈಪಾಡ್ ಬ್ಯಾಗು ಎಲ್ಲ ಸೇರಿ ಮೂರು ಕಿಲೋ ಮೇಲೆ. ಅವ್ರ ಕುತ್ತಿಗೆಯಲ್ಲಿ ಒಂದು ಹಳೆ 8×42, ರಬ್ಬರು ಕಿತ್ತು ಹೋಗಿ ಇನ್ಸುಲೇಷನ್ ಟೇಪು ಸುತ್ತಿದ್ದು.

ನಾನು ಟ್ರೈಪಾಡಿನ ಮೂರನೇ ಕಾಲು ಉದ್ದ ಮಾಡುವಷ್ಟರಲ್ಲಿ ಅವ್ರು ಏಳು ಜಾತಿ ಹೇಳಿ ಆಗಿತ್ತು. ನೆತ್ತಿ ಮೇಲೆ ಬ್ರಾಹ್ಮಿಣಿ ಕೈಟ್, ಅದೇ ನಮ್ಮ ಗರುಡ, ನೀರಂಚಲ್ಲಿ ರೀಫ್ ಎಗ್ರೆಟ್, ಹಾರ್ತಾ ಹೋದ ಟರ್ನ್ ಅಂತ ಹೇಳುವ ಕಡಲ ಹಕ್ಕಿಗಳಲ್ಲಿ ಕೊಕ್ಕು ಕಿತ್ತಳೆ ಬಣ್ಣದ್ದು ಲೆಸ್ಸರ್ ಕ್ರೆಸ್ಟೆಡ್, ಹಳದಿ ಕೊಕ್ಕಿನ ದೊಡ್ಡದು ಗ್ರೇಟರ್ ಕ್ರೆಸ್ಟೆಡ್. ಹಾರುವ ಹಕ್ಕಿಯನ್ನು ನನ್ನ ಸ್ಕೋಪಲ್ಲಿ ಹಿಡೀಲಿಕ್ಕೆ ನೋಡಿದೆ, ಮಾರಾಯ್ರೆ, ಸೊಳ್ಳೆಯನ್ನು ಚಿಮಟಿಯಲ್ಲಿ ಹಿಡಿದ ಹಾಗೆ. ಆಮೇಲೆ ಮೇಷ್ಟ್ರು ತಮ್ಮ ಬೈನಾಕ್ಯುಲರ್ ನನ್ನ ಕೈಗೆ ಕೊಟ್ರು. ಎತ್ತಿದೆ, ಕಂಡಿತು. ಅಷ್ಟೇ. ಗಲ್ ಅಂತ ಹೇಳುವ ಕಡಲ ಹಕ್ಕಿಗಳ ಗುಂಪು, ಅದ್ರ ನಡುವೆ ಒಂದು ದೊಡ್ಡದು, ಹಿಂದೆ ಅಲೆ, ಅಲೆ ಮೇಲೆ ದೋಣಿ, ಎಲ್ಲ ಒಂದೇ ಚಿತ್ರದಲ್ಲಿ, ಎರಡೂ ಕಣ್ಣಲ್ಲಿ. ಹಕ್ಕಿ ಸಣ್ಣದೇ ಕಾಣುದು ನಿಜ, ಆದ್ರೆ ಚೂಪಾಗಿ ಸಣ್ಣ ಕಾಣ್ತದೆ. ದೊಡ್ಡದಾಗಿ ಮಸುಕು ಕಂಡದ್ದಕ್ಕಿಂತ ಸಣ್ಣದಾಗಿ ಚೂಪು ಕಂಡದ್ರಲ್ಲಿ ಗೊತ್ತಾಗುದು ಜಾಸ್ತಿ. ಇಷ್ಟು ತಿಳ್ಕೊಳ್ಲಿಕ್ಕೆ ನಂಗೆ ಒಂದೂವರೆ ತಿಂಗಳು ಬೇಕಾಯ್ತು.

ಸ್ಕೋಪ್ ಮಾರುದು ಅಂತ ಆಯ್ತು. ಹಕ್ಕಿ ನೋಡುವ ಯಾರೂ ತಗೊಳ್ಲಿಲ್ಲ, ಒಮ್ಮೆ ಕಣ್ಣಿಟ್ಟು ನೋಡಿ ವಾಪಸ್ ಕೊಡ್ತಿದ್ರು. ಕಡೆಗೆ ಪಡುಕೆರೆಯಲ್ಲಿ ಹೋಮ್‌ಸ್ಟೇ ಮಾಡಿದ ಒಬ್ರು 5 ಸಾವಿರ ಕೊಟ್ಟು ತಗೊಂಡ್ರು, ತಾರ್ಸಿ ಮೇಲೆ ಇಟ್ರೆ ಗೆಸ್ಟುಗಳಿಗೆ ಸೈಂಟ್ ಮೇರೀಸ್ ದ್ವೀಪ ತೋರಿಸ್ಬಹುದು ಅಂತ. ನಾನು ಎಲ್ಲ ಹೇಳಿದ್ದೇನೆ ಅವ್ರಿಗೆ, ಏನೂ ಮುಚ್ಚಿಡ್ಲಿಲ್ಲ, ಬೆಳಿಗ್ಗೆ ಸಂಜೆ ಮಾತ್ರ ನೋಡಿ, 20ರಿಂದ 30ರ ಒಳಗೇ ಇಡಿ, 60ಕ್ಕೆ ಹಾಕ್ಬೇಡಿ ಅಂತ. ಟ್ರೈಪಾಡ್ ನಾನೇ ಇಟ್ಕೊಂಡೆ, ಅವ್ರಿಗೆ ಸಿಮೆಂಟ್ ಕಂಬ ಕಟ್ಟಿಸಿ ಅದ್ರ ಮೇಲೆ ಕೂರಿಸಿ ಅಂತ ಐಡಿಯ ಕೊಟ್ಟೆ. ಅದು ಒಳ್ಳೆ ಐಡಿಯವೇ, ಗಾಳಿಗೆ ಅಲ್ಲಾಡುದಿಲ್ಲ.

ಇನ್ನು ಯಾವ ಬೈನಾಕ್ಯುಲರ್ ಅಂತ. ಇಲ್ಲಿ ಕಲ್ತದ್ದನ್ನು ಸ್ವಲ್ಪ ಉದ್ದಕ್ಕೇ ಬರೀತೇನೆ, ಯಾಕಂದ್ರೆ ನಮ್ಮ ಊರಿನ ಹವೆಗೆ ಬೇರೆಯೇ ಲೆಕ್ಕ.

ಒಳಗೆ ಬೆಳಕನ್ನು ತಿರುಗಿಸುವ ಗ್ಲಾಸಿನ ತುಂಡು ಇರ್ತದೆ, ಪ್ರಿಸಮ್ ಹೇಳ್ತಾರೆ, ಅದನ್ನು ಇಡುವ ರೀತಿಯಲ್ಲಿ ಎರಡು ನಮೂನೆ. ಪೊರೋ ಅಂದ್ರೆ ಹಳೆ ಸಿನಿಮಾದಲ್ಲಿ ಮಿಲಿಟರಿಯವ್ರು ಹಿಡ್ಕೊಂಡಿರ್ತಾರಲ್ಲ, ಹೆಗಲು ಅಗಲ ಇರುವಂತದ್ದು. ರೂಫ್ ಅಂದ್ರೆ ಎರಡು ನೇರ ನಳಿಗೆ. ಕಮ್ಮಿ ಬೆಲೆಯಲ್ಲಿ ಕೊಟ್ಟ ದುಡ್ಡಿಗೆ ಪೊರೋದ ಚಿತ್ರವೇ ಚಂದ, ಯಾಕಂದ್ರೆ ರೂಫಲ್ಲಿ ಪ್ರಿಸಮಿಗೆ ಬೇರೆ ಬೇರೆ ಕೋಟಿಂಗ್ ಹಾಕ್ಬೇಕು, ಅದು ಖರ್ಚು, ಅಗ್ಗದ ರೂಫಲ್ಲಿ ಅದನ್ನೇ ಉಳಿಸ್ತಾರೆ. ನಿಕಾನಿನ ಆಕ್ಯುಲಾನ್, ಒಲಿಂಪಸಿನ 8×40 ಇವೆಲ್ಲ ಪೊರೋ, ಬೆಂಗ್ಳೂರಿನಲ್ಲಿ ಇದ್ದಿದ್ರೆ ನಾನು ಕಣ್ಣು ಮುಚ್ಚಿ ಅದ್ರಲ್ಲಿ ಒಂದು ತಗೊಂಡು ದುಡ್ಡು ಉಳಿಸ್ತಿದ್ದೆ. ಆದ್ರೆ ಅವು ವಾಟರ್‌ಪ್ರೂಫ್ ಅಲ್ಲ. ನಮ್ಮಲ್ಲಿ ಜೂನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನ ಒಳಗಿನ ಚಪ್ಪಲಿಗೇ ಬೂಸ್ಟು ಬರ್ತದೆ, ಮದುವೆ ಆಲ್ಬಮಿಗೆ ಬರ್ತದೆ, ಗ್ಲಾಸಿಗೆ ಬರುದಿಲ್ವಾ? ಒಳಗೆ ಒಮ್ಮೆ ಜೇಡರ ಬಲೆ ಹಾಗೆ ಫಂಗಸ್ ಹಿಡಿದ್ರೆ ಕ್ಲೀನ್ ಮಾಡಿಸುವ ಖರ್ಚಿಗೆ ಹೊಸದೇ ಬರ್ತದೆ. ಮೇಷ್ಟ್ರ ಮೊದ್ಲ ಬೈನಾಕ್ಯುಲರ್ ಹಾಗೇ ಹೋದ್ದಂತೆ. ಹಾಗಾಗಿ ಗಾಳಿ ಆಡದ ಹಾಗೆ ಸೀಲ್ ಮಾಡಿ ಒಳಗೆ ನೈಟ್ರೋಜನ್ ತುಂಬಿಸಿದ ರೂಫ್ ಪ್ರಿಸಮಿಂದೇ ಆಗ್ಬೇಕು ಅಂತ ನಿರ್ಧಾರ, ಚಿತ್ರ ಒಂದು ಕೂದಲು ಕಮ್ಮಿ ಆದ್ರೂ ಅಡ್ಡಿಲ್ಲ.

8 ಪಟ್ಟಾ 10 ಪಟ್ಟಾ ಅಂತ ಇನ್ನೊಂದು. ಭಾವನದ್ದು 10×42, ಬಯಲು ಬೆಟ್ಟಕ್ಕೆ ಅದು ಸರಿ, ಅಲ್ಲಿಯವ್ರು ತುಂಬ ಜನ ಅದನ್ನು ಟ್ರೈಪಾಡಿನ ಮೇಲೆ ಕೂರಿಸ್ತಾರೆ. ಕೈಯಲ್ಲಿ ಹಿಡಿದು ನೋಡುವವನಿಗೆ ಪಟ್ಟು ಎಷ್ಟೋ ಕೈ ನಡುಗುದೂ ಅಷ್ಟೇ ಪಟ್ಟು. ನಾನು 8ಕ್ಕೇ ನಿಂತೆ, ಇಲ್ಲಿ ನಮ್ಮ ತೋಟದ ಒಳಗೆ, ಮಣ್ಣಪಳ್ಳದ ಕೆರೆ ಹತ್ರ ಎಲ್ಲ ನೋಡ್ಲಿಕ್ಕೆ ಅಗಲವೂ ಬೇಕಲ್ಲ. 50 ಮಿಲಿಮೀಟರಿಂದು ಕೂಡ ನೋಡಿದೆ, ತೂಕ ಮಾರಾಯ್ರೆ, ಕುತ್ತಿಗೆಗೆ ಕಟ್ಟಿದ ಬೀಸುಕಲ್ಲು. ಮತ್ತೆ ವಯಸ್ಸಾದ ಹಾಗೆ ಕತ್ತಲೆಯಲ್ಲಿ ನಮ್ಮ ಕಣ್ಣಿನ ಪಾಪೆ ಅರಳುದೇ ಕಮ್ಮಿ ಆಗ್ತದೆ, ನನ್ನ ಪ್ರಾಯಕ್ಕೆ ಐದು ಮಿಲಿಮೀಟರ್ ಆಸುಪಾಸು ಅಂತ ಇಟ್ಕೊಂಡ್ರೆ 7×50ರಿಂದ ಬರುವ ಏಳು ಮಿಲಿಮೀಟರ್ ಬೆಳಕಿನಲ್ಲಿ ಅರ್ಧಕ್ಕರ್ಧ ಕಣ್ಣಿನ ಹೊರಗೇ ಬೀಳ್ತದೆ. 8×42ರ ಐದೂಕಾಲು ಸಮಾ ಸಾಕು.

ಅಂಗಡಿಗೆ ಹೋಗಿ ಕೈಯಲ್ಲಿ ಹಿಡಿದು ನೋಡಿಯೇ ತಗೊಳ್ಬೇಕು ಅಂತ ಈ ಸರ್ತಿ ಹಠ. ಉಡುಪಿಯಲ್ಲಿ ಸಿಗ್ಲಿಲ್ಲ, ಮಂಗಳೂರಿನಲ್ಲಿ ಹಂಪನಕಟ್ಟೆ ಸುತ್ತ ತಿರುಗಿ ಮೂರನೇ ಕಡೆ ಸಿಕ್ಕಿತು. ಅಂಗಡಿಯವ್ರು ಒಳಗೇ ಟ್ಯೂಬ್‌ಲೈಟಿಗೆ ನೋಡಿ ಅಂದ್ರು, ನಾನು ಬಾಗಿಲ ಹೊರಗೆ ಬಂದೆ. ಕರೆಂಟು ಕಂಬದ ಮೇಲೆ ಒಂದು ಕಾಗೆ ಕೂತಿತ್ತು, ಬೈನಾಕ್ಯುಲರ್ ಪರೀಕ್ಷೆಗೆ ಕಾಗೆಗಿಂತ ಒಳ್ಳೆ ಸಾಧನ ಇಲ್ಲ. ಬೆಳ್ಳಗಿನ ಆಕಾಶದ ಎದುರು ಕರಿ ಕಾಗೆಯ ಅಂಚಿಗೆ ನೇರಳೆಯೋ ಹಸಿರೋ ಗೆರೆ ಕಾಣ್ತದಾ ನೋಡ್ಬೇಕು, ಈ ಬೆಲೆಯಲ್ಲಿ ಸ್ವಲ್ಪ ಇದ್ದೇ ಇರ್ತದೆ, ಇಂದ್ರಧನುಷ್ಯದ ಹಾಗೆ ಇರ್ಬಾರ್ದು. ಕಾಗೆಯ ಕುತ್ತಿಗೆಯ ಬೂದಿ ಬಣ್ಣ ಎಲ್ಲಿ ಮುಗಿದು ಕಪ್ಪು ಎಲ್ಲಿ ಸುರು ಆಗ್ತದೆ ಅಂತ ಬಿಡಿಸಿ ಕಾಣ್ಬೇಕು. ಆಮೇಲೆ ದೂರದ ಬಸ್ಸಿನ ಬೋರ್ಡು, ನಡುವಿನಲ್ಲಿ ಓದ್ಲಿಕ್ಕೆ ಆಗ್ತದೆ, ಅದೇ ಬೋರ್ಡನ್ನು ಚಿತ್ರದ ಅಂಚಿಗೆ ತಂದ್ರೆ ಎಷ್ಟು ಮಸುಕಾಗ್ತದೆ. ಕೈ ಚಾಚಿ ಹಿಡಿದು ಆಕಾಶಕ್ಕೆ ತೋರಿಸಿದ್ರೆ ಐಪೀಸಲ್ಲಿ ಬೆಳಕಿನ ಬೊಟ್ಟು ಕಾಣ್ತದೆ, ಅದು ಉರುಟಾಗಿ ಇರ್ಬೇಕು, ಪೊರೋದಲ್ಲಿ ಅದ್ರ ಅಂಚು ಚೌಕ ಕತ್ತರಿಸಿದ ಹಾಗೆ ಬೂದಿ ಬಣ್ಣ ಇದ್ರೆ ಒಳಗಿನ ಗ್ಲಾಸು ಬ್ಯಾಕ್-4 ಅಲ್ಲ, ಕಮ್ಮಿದು ಬಿಕೆ-7 ಅಂತ ಅರ್ಥ. ಮುಂದಿನ ಗ್ಲಾಸು ಕೆಂಪು ಮಾಣಿಕ್ಯದ ಹಾಗೆ ಹೊಳೀತಾ ಇದ್ರೆ ದೂರದಿಂದಲೇ ನಮಸ್ಕಾರ ಮಾಡಿ. ಎಲ್ಲಕ್ಕಿಂತ ಮುಖ್ಯ, ಐದು ನಿಮಿಷ ಎಡೆಬಿಡದೆ ನೋಡಿ. ಎರಡು ನಳಿಗೆಯ ನೇರ ಒಂದು ಚೂರು ತಪ್ಪಿದ್ರೂ ಕಣ್ಣು ಅದನ್ನು ಸರಿ ಮಾಡ್ಲಿಕ್ಕೆ ಒದ್ದಾಡಿ ಹುಬ್ಬಿನ ನಡುವೆ ಎಳೆದ ಹಾಗೆ ಆಗ್ತದೆ. ನಾನು ನೋಡಿದ ಮೂರರಲ್ಲಿ ಒಂದರಲ್ಲಿ ಹಾಗಾಯ್ತು, ಅದು ಮೂರರಲ್ಲಿ ಜಾಸ್ತಿ ಬೆಲೆದು! ನನ್ನ ಈ ಅವತಾರ ನೋಡಿ ಪಕ್ಕದ ಜ್ಯೂಸ್ ಅಂಗಡಿಯವ್ರು ಕೂಡ ಬಂದು ಕಾಗೆ ನೋಡಿ ಹೋದ್ರು.

ತಗೊಂಡದ್ದು 11,400ರದ್ದು. ಮಾಡೆಲ್ ಹೇಳಿ ಪ್ರಯೋಜನ ಇಲ್ಲ, ಆ ಬೆಲೆಯಲ್ಲಿ ನಿಕಾನ್ ಸೆಲೆಸ್ಟ್ರಾನ್ ಅಂತ ಇರುವುದರಲ್ಲೆಲ್ಲ ಎರಡು ಮೂರು ಒಂದಕ್ಕೊಂದು ಹತ್ರವೇ, ನಿಮ್ಮ ಕಣ್ಣಿಗೆ ಕನ್ನಡಕಕ್ಕೆ ಯಾವುದು ಕೂರ್ತದೋ ಅದು. ಇದ್ರ ಮೇಲೆ 900 ರೂಪಾಯಿಯ ಒಂದು ಎಲ್ ಆಕಾರದ ತುಂಡು, ಬೈನಾಕ್ಯುಲರಿನ ಎರಡು ನಳಿಗೆ ನಡುವೆ ಮುಂದೆ ಒಂದು ಮುಚ್ಚಳ ಇರ್ತದೆ, ಅದನ್ನು ತಿರುಗಿಸಿ ತೆಗೆದ್ರೆ ಸ್ಕ್ರೂ ತೂತು, ಅಲ್ಲಿ ಇದನ್ನು ಸಿಕ್ಕಿಸಿ ಟ್ರೈಪಾಡಿನ ಮೇಲೆ ಕೂರಿಸುದು. ಈ 900ರ ಕಬ್ಬಿಣದ ತುಂಡು ನಾನು ಈ ಹುಚ್ಚಿಗೆ ಮಾಡಿದ ಖರ್ಚಿನಲ್ಲೆಲ್ಲ ಒಳ್ಳೆದು. ಅದೇ 8 ಪಟ್ಟು, ಆದ್ರೆ ನಡುಕ ನಿಂತ ಕೂಡ್ಲೆ ಪಟ್ಟು ಜಾಸ್ತಿ ಆದ ಹಾಗೆ ಕಾಣ್ತದೆ, ಕೈಯಲ್ಲಿ ಹಿಡಿದಾಗ ಕಾಣದ ಕೊಕ್ಕು ಕಾಲು ಕಾಣ್ತದೆ. ಬೈನಾಕ್ಯುಲರ್ ತಗೊಂಡವ್ರಲ್ಲಿ ಅರ್ಧ ಜನರಿಗೆ ಆ ಮುಚ್ಚಳ ತಿರುಗ್ತದೆ ಅಂತಲೇ ಗೊತ್ತಿಲ್ಲ. ಒಟ್ರಾಸಿ ಲೆಕ್ಕ, ಸ್ಕೋಪ್ ಮಾರಿದ್ದು ಕಳೆದು 18,400. ಮೇಲೆ ಹೋದ 3,400 ಎಲ್ಲಿಂದ ಬಂತು ಅಂತ ಮನೆಯಲ್ಲಿ ಇನ್ನೂ ಪೂರ್ತಿ ಚರ್ಚೆ ಆಗ್ಲಿಲ್ಲ.

ಮಳೆಗಾಲಕ್ಕೆ ಪ್ಲಾಸ್ಟಿಕಿನ ಗಾಳಿ ಆಡದ ಡಬ್ಬ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, 200 ರೂಪಾಯಿಯ ಒಂದು ತೇವ ತೋರಿಸುವ ಮೀಟರ್. ಮುಳ್ಳು 40, 50ರ ನಡುವೆ ಇದ್ರೆ ಆಯ್ತು, ಏರಿದ್ರೆ ಜೆಲ್ಲನ್ನು ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಪುನಃ ಹಾಕುದು. ಅಕ್ಕಿ ಡಬ್ಬದಲ್ಲಿ ಇಡಿ ಅಂತ ಒಬ್ರು ಹೇಳಿದ್ರು, ಅಕ್ಕಿಗೇ ನಮ್ಮಲ್ಲಿ ಹುಳ ಬರ್ತದೆ, ಅದು ಬೇಡ. ಬೀಚಿಂದ ಬಂದ ಮೇಲೆ ಗ್ಲಾಸನ್ನು ಅಂಗಿ ತುದಿಯಲ್ಲಿ ಒರೆಸುವ ಅಭ್ಯಾಸ ಇದ್ರೆ ಬಿಡಿ, ಹೊಯಿಗೆ ಕಣದಲ್ಲಿ ಗೀರು ಬೀಳ್ತದೆ, ವಾಟರ್‌ಪ್ರೂಫ್ ಆದ್ರೆ ಸಿಹಿನೀರಲ್ಲಿ ಮೊದ್ಲು ಉಪ್ಪು ತೊಳೆದು ಆಮೇಲೆ ಮೆತ್ತಗಿನ ಬಟ್ಟೆ.

ಹಾಗಂತ ಸ್ಕೋಪ್ ವೇಸ್ಟ್ ಅಂತ ನಾನು ಹೇಳುದಿಲ್ಲ. ಒಳ್ಳೆ ಸ್ಕೋಪಲ್ಲಿ ನೋಡಿದ್ದೇನೆ, ಒಮ್ಮೆ ಕಾಪು ಕಡೆ ಸಿಕ್ಕಿದ ಒಬ್ರ ಹತ್ರ 80 ಮಿಲಿಮೀಟರಿನ, ಇಡಿ (ED) ಅಂತ ಹೇಳುವ ಒಳ್ಳೆ ಜಾತಿ ಗ್ಲಾಸಿಂದು ಇತ್ತು, ಬೆಳಿಗ್ಗೆ ಏಳು ಗಂಟೆಗೆ ಅದ್ರಲ್ಲಿ ಸ್ಯಾಂಡ್ ಪ್ಲೋವರಿನ ಕಣ್ಣಿನ ಹೊಳಪು ಕಂಡಿತು, ಬಾಯಿ ಒಣಗಿತು ನಂಗೆ. ನನ್ನ ಹಳೆ ಸ್ಕೋಪಲ್ಲಿ ಕಂಡದ್ದು ಬಟಾಟೆ. ಆದ್ರೆ ಅಂತಾ ಸ್ಕೋಪಿಗೆ, ಅದನ್ನು ಹೊರುವ ಟ್ರೈಪಾಡಿಗೆ ಸೇರಿ ನನ್ನ ಸ್ಕೂಟರಿನಷ್ಟು ದುಡ್ಡು ಬೇಕು. ಬೈನಾಕ್ಯುಲರಲ್ಲಿ 10, 12 ಸಾವಿರಕ್ಕೆ ಮರ್ಯಾದೆದು ಸಿಗ್ತದೆ, ಸ್ಕೋಪಲ್ಲಿ ಆ ದುಡ್ಡಿಗೆ ಆಟಿಕೆ ಮಾತ್ರ. ನಂಗೆ ಸುರುವಿಗೆ ಯಾರಾದ್ರೂ ಇದೊಂದು ಹೇಳಿದ್ರೆ ಸಾಕಿತ್ತು.

ಹೋದ ಡಿಸೆಂಬರಲ್ಲಿ ಭಾವ ಊರಿಗೆ ಬಂದಿದ್ರು. ಕೋಡಿಬೇಂಗ್ರೆಗೆ ಕರ್ಕೊಂಡು ಹೋದೆ, ಈ ಸರ್ತಿ ಆರೂಕಾಲಿಗೇ ಅಲ್ಲಿ. ಬೆಳಿಗ್ಗೆ ಸೂರ್ಯ ಬೆನ್ನ ಹಿಂದೆ ಇರ್ತಾನೆ, ಕಡಲ ಬದಿ ಎಲ್ಲ ಬೆಳಕು ಬಿದ್ದು ಬಣ್ಣ ಸರಿ ಕಾಣ್ತದೆ, ಕಡಲ ಗಾಳಿ ಇನ್ನೂ ಎದ್ದಿರುದಿಲ್ಲ. ಅವ್ರು ನನ್ನ ಬೈನಾಕ್ಯುಲರ್ ತಗೊಂಡು ಹೊಯಿಗೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಗುಡ್ಡ ನೋಡುವ ಅದೇ ಕ್ರಮದಲ್ಲಿ ದಿಬ್ಬವನ್ನು ಎಡದಿಂದ ಬಲಕ್ಕೆ ಬಲದಿಂದ ಎಡಕ್ಕೆ ಉತ್ತರು. ಹಕ್ಕಿ ಜಾತಿ ಒಂದೂ ಗೊತ್ತಿಲ್ಲ ಅವ್ರಿಗೆ. ಆದ್ರೆ ನಾನು ಅಷ್ಟು ದಿನದಲ್ಲಿ ಒಮ್ಮೆಯೂ ಕಾಣದ ಒಂದನ್ನು ಹದಿನೈದು ನಿಮಿಷದಲ್ಲಿ ತೆಗೆದ್ರು, “ಅಲ್ಲಿ ಗಾಳಿಮರದಲ್ಲಿ, ಬಲದಿಂದ ಮೂರನೇದು, ಒಣಗಿದ ಗೆಲ್ಲು, ಅದು ಗೆಲ್ಲಲ್ಲ” ಅಂತ. ಬಿಳಿಹೊಟ್ಟೆಯ ಕಡಲ ಹದ್ದು. ಕಾಲಡಿ ಒಂದು ಮೀನು. ಬಲೆಯ ಅಜ್ಜ ಕೂಡ ಬಂದು ನೋಡಿದ್ರು, ಇದು ಎಷ್ಟೋ ವರ್ಷದಿಂದ ಇಲ್ಲೇ ಉಂಟಲ್ಲ, ನಿಮ್ಗೆ ಕಾಣ್ಲಿಲ್ವಾ ಅಂದ್ರು.

ವಾಪಸ್ ಬರುವಾಗ ಹೂಡೆಯಲ್ಲಿ ಚಾ ಕುಡೀತಾ ಇದ್ವು, ಪಡುಕೆರೆ ಹೋಮ್‌ಸ್ಟೇಯವ್ರ ಫೋನ್ ಬಂತು. ಸ್ಕೋಪಿಗೆ ಎಂತದೋ ಆಗಿದೆ ಮಾರಾಯ್ರೆ, ಮಧ್ಯಾಹ್ನ ಗೆಸ್ಟಿಗೆ ತೋರಿಸುವಾಗ ದ್ವೀಪ ಇಡೀ ಕುಣೀತದೆ, ರಿಪೇರಿ ಮಾಡುವವ್ರು ಯಾರಾದ್ರೂ ಗೊತ್ತುಂಟಾ ಅಂತ. ಎಷ್ಟಕ್ಕೆ ಇಟ್ಟಿದ್ದೀರಿ ಕೇಳಿದೆ.

60ಕ್ಕೆ, ಅಂದ್ರು.